ಕಸರತ್ತಿನ ಹುಚ್ಚು ಓದಿಗೆ ಅಡ್ಡಿಯಲ್ಲ

ಬೆಳಗಿನ ಓಟ, ಸಂಜೆಯ ಜಿಮ್, ಮೊಬೈಲ್ ನೋಡಿ ಕಲಿತ ಪುಷ್‌ಅಪ್ಪು. ಹದಿನಾಲ್ಕು ಹದಿನೈದರ ಮಕ್ಕಳಿಗೆ ಹಿಡಿಯುವ ಈ ಗೀಳು ಶಾಲೆಗೆ ಹೋಗುವವರಲ್ಲಿ ದಿನದ ಒಂದೆರಡು ಗಂಟೆಯದು. ಮನೆಯಲ್ಲೇ ಕಲಿಯುವ ಮಗುವಿಗೆ ಹಿಡಿದರೆ ದಿನವೆಲ್ಲ ಅದೇ ಧ್ಯಾನ, ಹೆತ್ತವರಿಗೆ ದಿನವೆಲ್ಲ ಅದೇ ಚಿಂತೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಅಂಥ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ 1: ಮೈ ಬೆಳೆಸುವವರಿಗೆ ಪುಸ್ತಕ ಹತ್ತುವುದಿಲ್ಲ.

ವಾಸ್ತವ: ಕೆ. ವಿ. ಅಯ್ಯರ್ ಅವರನ್ನು ನೆನೆಯಿರಿ. ಕೋಲಾರ ವೆಂಕಟೇಶ ಅಯ್ಯರ್ ಎಂಬುದು ಅವರ ಪೂರ್ಣ ಹೆಸರು. ಹೆಸರಿನಲ್ಲೇ ನಮ್ಮ ಊರಿದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ಪೀಳಿಗೆಗಳನ್ನು ತಿದ್ದಿದವರು, ನಾಟಕಕಾರ ಕೈಲಾಸಂ ಅವರ ಒಡನಾಡಿ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಅವರೇ. ಒಂದಕ್ಕೆ ಹೊಯ್ಸಳರ ಇತಿಹಾಸ ಬೇಕಿತ್ತು, ಇನ್ನೊಂದಕ್ಕೆ ಇಟಲಿಯ ಕಲಾಲೋಕ. ಅಂಚೆಯ ಮೂಲಕವೂ ಅವರು ಅಂಗಸಾಧನೆ ಕಲಿಸುತ್ತಿದ್ದರು. ಎದುರಿಗಿಲ್ಲದ ಶಿಷ್ಯ ಓದಿಯೇ ಸರಿಯಾಗಿ ಮಾಡಬೇಕಾದರೆ ವಾಕ್ಯ ಎಷ್ಟು ಖಚಿತವಾಗಿರಬೇಕು! ನಿಮ್ಮ ಮಗುವಿಗೂ ಇದೇ ಭಾಷಾಪಾಠ ಕೊಡಿ. ಒಂದು ಸೂರ್ಯನಮಸ್ಕಾರವನ್ನು ಚಿತ್ರವಿಲ್ಲದೆ ಬರೆಯಲಿ, ಅಜ್ಜಿ ಅದನ್ನು ಓದಿ ಹೇಳಲಿ, ತಮ್ಮ ಹಾಗೇ ಮಾಡಲಿ. ತಮ್ಮ ಎಲ್ಲಿ ತಪ್ಪುತ್ತಾನೋ ಅಲ್ಲಿ ಬರವಣಿಗೆ ತಿದ್ದಬೇಕು.

ತಪ್ಪು ಕಲ್ಪನೆ 2: ವ್ಯಾಯಾಮದಲ್ಲಿ ಗಣಿತವೆಂದರೆ ಬಸ್ಕಿ ಎಣಿಸುವುದಷ್ಟೇ.

ವಾಸ್ತವ: ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲಿಗೆ ಅಳತೆಪಟ್ಟಿ ಹಿಡಿದು ಹೋಗಿ. ಒಂದೊಂದು ಮೆಟ್ಟಿಲೂ ಒಂದೊಂದು ಎತ್ತರ. ಹತ್ತಿಪ್ಪತ್ತನ್ನು ಅಳೆದು ಸರಾಸರಿ ತೆಗೆಯಬೇಕು. ಲೆಕ್ಕಕ್ಕೆ 15 ಸೆಂಟಿಮೀಟರಿನ 200 ಮೆಟ್ಟಿಲು ಎಂದಿಟ್ಟುಕೊಳ್ಳೋಣ. ಎತ್ತರ 30 ಮೀಟರ್ ಆಯಿತು. 50 ಕಿಲೋ ತೂಕದ ಹುಡುಗಿ ಅದನ್ನು ಹತ್ತಿದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ 50 × 9.8 × 30, ಅಂದರೆ 14,700 ಜೂಲ್. ಐದು ನಿಮಿಷದಲ್ಲಿ ಹತ್ತಿದರೆ ಸಾಮರ್ಥ್ಯ 49 ವಾಟ್. ನಾಲ್ಕೇ ನಿಮಿಷದಲ್ಲಿ ಮುಗಿಸಿದರೆ ಕೆಲಸ ಅಷ್ಟೇ, ಸಾಮರ್ಥ್ಯ 61 ವಾಟ್. ಕೆಲಸಕ್ಕೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸ ಕಾಲಿಗೇ ಅರ್ಥವಾಗುತ್ತದೆ.

ಮುಂದಿನ ಹೆಜ್ಜೆ ಇನ್ನೂ ರುಚಿ. 14,700 ಜೂಲ್ ಎಂದರೆ ಸುಮಾರು 3.5 ಕಿಲೋಕ್ಯಾಲರಿ. ಸ್ನಾಯು ತಾನು ಬಳಸಿದ ಶಕ್ತಿಯಲ್ಲಿ ಐದರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಕೆಲಸವಾಗಿಸುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ಹತ್ತಲು ಖರ್ಚಾದದ್ದು ಸುಮಾರು 16 ಕಿಲೋಕ್ಯಾಲರಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 320. ಆ ಹಿಟ್ಟಿನ ಮುದ್ದೆ ಕರಗಲು ಇಪ್ಪತ್ತು ಬಾರಿ ಹತ್ತಬೇಕು! ಒಂದೇ ವಾರದಲ್ಲಿ ತೆಳ್ಳಗಾಗಿಸುವ ವಿಡಿಯೋಗಳನ್ನು ಆ ಹುಡುಗಿ ಇನ್ನು ಸುಮ್ಮನೆ ನಂಬುವುದಿಲ್ಲ.

ತಪ್ಪು ಕಲ್ಪನೆ 3: 220ರಿಂದ ವಯಸ್ಸು ಕಳೆದರೆ ನಮ್ಮ ಹೃದಯದ ಗರಿಷ್ಠ ಬಡಿತ ಸಿಗುತ್ತದೆ.

ವಾಸ್ತವ: ಅದು ಬರೀ ಅಂದಾಜು. 15ರ ವಯಸ್ಸಿಗೆ ಈ ಸೂತ್ರ 205 ಎನ್ನುತ್ತದೆ; 208ರಿಂದ ವಯಸ್ಸಿನ 0.7 ಪಾಲು ಕಳೆಯುವ ಇನ್ನೊಂದು ಸೂತ್ರ 197.5 ಎನ್ನುತ್ತದೆ. ಎರಡೂ ಅನೇಕರ ಅಳತೆಯಿಂದ ಬಂದ ಸರಾಸರಿಗಳು, ಒಬ್ಬೊಬ್ಬರ ಬಡಿತ ಅದರಿಂದ ಹತ್ತಾರು ಆಚೀಚೆ ಇರಬಹುದು. ಸಂಖ್ಯಾಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಯಾವುದು? ಒಂದು ತಿಂಗಳು ಎದ್ದ ಕೂಡಲೇ ಮಣಿಕಟ್ಟಿನ ನಾಡಿ ಎಣಿಸಿ ಬರೆಯಲಿ, ನಕ್ಷೆ ಎಳೆಯಲಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ಪೂರ್ತಿ ನಿಮಿಷ ಎಣಿಸಿದರೆ ಒಂದೇ ಆಗಿ ಉಳಿಯುತ್ತದೆ.

ತಪ್ಪು ಕಲ್ಪನೆ 4: ಪ್ರೋಟೀನ್ ಪುಡಿಯ ಡಬ್ಬಿ ಇಲ್ಲದೆ ಮೈಕಟ್ಟು ಬರುವುದಿಲ್ಲ.

ವಾಸ್ತವ: ಡಬ್ಬಿಗೆ ಮೊದಲು ನಮ್ಮ ಅಡುಗೆಮನೆಯ ಲೆಕ್ಕ ಮಾಡಿಸಿ. 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಕಡಲೆಕಾಯಿ ಬೀಜದಲ್ಲಿ ಸುಮಾರು 25, ರಾಗಿಯಲ್ಲಿ 7, ಒಂದು ಮೊಟ್ಟೆಯಲ್ಲಿ 6. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಹೇರಳ. ಮುದ್ದೆ, ಹುರುಳಿ ಸಾರುಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಸಾಯನಶಾಸ್ತ್ರ ಊಟದ ತಟ್ಟೆಯಲ್ಲೇ ಇದೆ.

ತಪ್ಪು ಕಲ್ಪನೆ 5: ಬೆವರು ಸುರಿಸಿದವರು ಎಷ್ಟು ನೀರು ಕುಡಿದರೂ ಒಳ್ಳೆಯದೇ, ಕುದಿಸಿದರೆ ಯಾವ ನೀರೂ ಶುದ್ಧ.

ವಾಸ್ತವ: ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಒತ್ತಿ ಹೇಳಲೇಬೇಕು. ಇಲ್ಲಿನ ಎಷ್ಟೋ ಆಳದ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ನೀರು ಸಿಗದಿದ್ದಾಗ 1.5. ಕಸರತ್ತು ಮಾಡುವ ಮಗು ಹೆಚ್ಚು ನೀರು ಕುಡಿಯುತ್ತದೆ, ಫ್ಲೋರೈಡೂ ಹೆಚ್ಚು ಒಳಹೋಗುತ್ತದೆ. ವರ್ಷಗಟ್ಟಲೆ ಹಾಗೇ ಆದರೆ ಹಲ್ಲು, ಮೂಳೆ, ಕೀಲುಗಳಿಗೆ ಪೆಟ್ಟು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಮನೆಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ವರದಿಯನ್ನು ಮಗುವಿನ ಕೈಲೇ ಓದಿಸಿ. ಅಂತರ್ಜಲ, ಗ್ರಾನೈಟ್, ಒಣಗಿದ ಕೆರೆ, ಅಯಾನು ಎಲ್ಲ ಪಾಠಗಳೂ ಆ ಒಂದು ಹಾಳೆಯಿಂದ ಶುರುವಾಗಬಲ್ಲವು.

ತಪ್ಪು ಕಲ್ಪನೆ 6: ಮನೆಯಲ್ಲಿ ಕಲಿತವರಿಗೆ ಪರೀಕ್ಷೆಯೂ ಇಲ್ಲ, ಮುಂದೆ ದಾರಿಯೂ ಇಲ್ಲ.

ವಾಸ್ತವ: 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್, ಇದೆ. 14 ತುಂಬಿದವರು ಸೆಕೆಂಡರಿಗೆ ಸೇರಬಹುದು, ಐದು ವಿಷಯ ಪಾಸಾಗಬೇಕು. ಸೀನಿಯರ್ ಸೆಕೆಂಡರಿಯಲ್ಲಿ ದೈಹಿಕ ಶಿಕ್ಷಣ ಮತ್ತು ಯೋಗವೇ ಒಂದು ವಿಷಯ. ಆದರೆ ಫಿಸಿಯೋಥೆರಪಿಯ ಕನಸಿದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ವಿಷಯ ಆರಿಸುವ ದಿನವೇ ಇದನ್ನು ಕೂತು ಮಾತಾಡಿ.

ತಪ್ಪು ಕಲ್ಪನೆ 7: ಇಷ್ಟೆಲ್ಲ ಆಗುವುದಾದರೆ ಎಲ್ಲ ಪಾಠವನ್ನೂ ಕಸರತ್ತಿಗೇ ಕಟ್ಟಿಬಿಡೋಣ.

ವಾಸ್ತವ: ದಯವಿಟ್ಟು ಬೇಡ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಕತೆಯನ್ನು ಕತೆಗಾಗಿಯೇ ಓದಬೇಕು, ಮುಳಬಾಗಿಲಿನ ಡಿ.ವಿ.ಜಿ.ಯವರನ್ನು ಅವರ ಚಿಂತನೆಗಾಗಿಯೇ. ಬೀಜಗಣಿತದಲ್ಲಿ ಬರೀ ಅಭ್ಯಾಸದಿಂದಲೇ ಕೈಗೆ ಬರುವ ಅಧ್ಯಾಯಗಳಿವೆ. ಪ್ರತಿ ಪಾಠಕ್ಕೂ ಡಂಬೆಲ್ ತಗುಲಿಸಿದರೆ ಪಾಠವೂ ಬೇಸರ, ಡಂಬೆಲ್ಲೂ ಬೇಸರ. ಕಸರತ್ತನ್ನು ಓದಿಗೆ ಆಮಿಷ ಮಾಡಬೇಡಿ. ಮಗು ತಾನಾಗಿ ಕೇಳುವ ಪ್ರಶ್ನೆಗೆ ಕಾಯಿರಿ, ಅದಕ್ಕೆ ಉತ್ತರವಿರುವ ಪುಸ್ತಕವನ್ನು ತಂದುಕೊಡಿ. ಅಳೆಯದೆ ನಂಬಬಾರದು, ಕೇಳಿದ್ದನ್ನು ಪರೀಕ್ಷಿಸಬೇಕು ಎಂಬ ಅಭ್ಯಾಸ ಅಂತರಗಂಗೆಯ ಮೆಟ್ಟಿಲ ಮೇಲೆ ಒಮ್ಮೆ ಬಂದರೆ ವ್ಯಾಯಾಮಕ್ಕೆ ಸಂಬಂಧವೇ ಇಲ್ಲದ ಪಾಠದಲ್ಲೂ ಅದು ಮಗುವಿನ ಕೈ ಬಿಡುವುದಿಲ್ಲ.