ಜೋಡಿ ತಾರೆಗಳ ದರ್ಶನ: ಕಂಡದ್ದು ಮತ್ತು ಕಾಣದ್ದು

ಮದುವೆಯ ಮನೆಯಲ್ಲಿ ನವದಂಪತಿಗಳಿಗೆ ಅರುಂಧತಿಯನ್ನು ತೋರಿಸುವ ಪದ್ಧತಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಮಂಟಪದಿಂದ ಹೊರಬಂದು ಆಕಾಶದತ್ತ ಬೆರಳು ಚಾಚುವವರಲ್ಲಿ ಆ ನಕ್ಷತ್ರವನ್ನು ನಿಜವಾಗಿ ಕಂಡವರೆಷ್ಟು ಮಂದಿ? ಹಗಲಿನ ಮುಹೂರ್ತಗಳಲ್ಲಂತೂ ಕಾಣದ್ದನ್ನು ಕಂಡೆವೆಂದು ತಲೆಯಾಡಿಸಿ ಒಳಗೆ ಬರುವುದೇ ರೂಢಿ. ನಾವೂ ಹಾಗೆ ತಲೆಯಾಡಿಸಿದವರೇ. ಅನೇಕ ವರ್ಷಗಳ ತರುವಾಯ 80 ಮಿಲಿಮೀಟರ್ ಮಸೂರದ ಒಂದು ಚಿಕ್ಕ ದೂರದರ್ಶಕವು ನಮ್ಮ ಮನೆಗೆ ಬಂದಾಗ, ಮೊಟ್ಟಮೊದಲು ಅದನ್ನು ತಿರುಗಿಸಿದ್ದು ಸಪ್ತರ್ಷಿಮಂಡಲದ ಕಡೆಗೆ. ಹಳೆಯ ಸುಳ್ಳೊಂದನ್ನು ತೀರಿಸಿಕೊಳ್ಳಬೇಕಾಗಿತ್ತು.

ಸಪ್ತರ್ಷಿಗಳ ಬಾಲದ ನಡುವಣ ತಾರೆಯೇ ವಸಿಷ್ಠ. ಅದರ ಪಕ್ಕದಲ್ಲಿ ಮಂದವಾಗಿ ಮಿನುಗುವುದು ಅರುಂಧತಿ. ಒಳ್ಳೆಯ ದೃಷ್ಟಿಯುಳ್ಳವರಿಗೆ ಇವೆರಡೂ ಬರಿಗಣ್ಣಿಗೇ ತೋರುತ್ತವೆ. ಆದರೆ ದೂರದರ್ಶಕದಲ್ಲಿ ವಸಿಷ್ಠನು ತಾನೇ ಎರಡಾಗಿ ಒಡೆದು ಕಾಣುತ್ತಾನೆ! ಈ ಎರಡರ ನಡುವಣ ಅಂತರ ಸುಮಾರು 14 ಆರ್ಕ್ ಸೆಕೆಂಡ್. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಆರ್ಕ್ ಸೆಕೆಂಡ್. ಬೆಳಕನ್ನು ಬಿಡಿಸಿ ನೋಡುವ ರೋಹಿತದರ್ಶಕದ ಮೂಲಕ ಈ ಎರಡೂ ಮತ್ತೆ ಜೋಡಿಗಳೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. 2009ರಲ್ಲಿ ಅರುಂಧತಿಗೂ ಒಬ್ಬ ಸಂಗಾತಿ ಇರುವುದು ತಿಳಿದುಬಂತು. ಹೀಗೆ ಒಂದೆಂದು ತೋರುವಲ್ಲಿ ಆರು ತಾರೆಗಳ ಕುಟುಂಬವಿದೆ.

ನಮ್ಮ ದಕ್ಷಿಣದ ಕೊಡುಗೆ

ಒಂದನ್ನೊಂದು ಸುತ್ತುವ ಇಂಥ ತಾರೆಗಳಿಗೆ ಯಮಳ ತಾರೆಗಳೆಂದು ಹೆಸರು. ಇವುಗಳ ಇತಿಹಾಸದಲ್ಲಿ ದಕ್ಷಿಣ ಭಾರತಕ್ಕೂ ಒಂದು ಸ್ಥಾನವಿದೆಯೆಂಬುದು ಹಲವರಿಗೆ ತಿಳಿಯದು. 1689ರಲ್ಲಿ ಪುದುಚೇರಿಯಲ್ಲಿದ್ದ ಜೆಸುಯಿಟ್ ಪಾದ್ರಿ ಜೀನ್ ರಿಶೋ ಎಂಬವರು ಧೂಮಕೇತುವೊಂದನ್ನು ವೀಕ್ಷಿಸುತ್ತಿದ್ದಾಗ, ಕಿನ್ನರ ಮಂಡಲದ ಅತ್ಯುಜ್ವಲ ತಾರೆಯು ಒಂದಲ್ಲ, ಎರಡು ಎಂಬುದನ್ನು ಕಂಡರು. ನಮಗೆ ಕೇವಲ 4.4 ಜ್ಯೋತಿರ್ವರ್ಷ ದೂರದಲ್ಲಿರುವ ಈ ಜೋಡಿಯು ಸುಮಾರು 80 ವರ್ಷಗಳಿಗೊಮ್ಮೆ ಪರಸ್ಪರ ಪ್ರದಕ್ಷಿಣೆ ಮುಗಿಸುತ್ತದೆ. ಮೇ ತಿಂಗಳ ರಾತ್ರಿಗಳಲ್ಲಿ ತ್ರಿಶಂಕುವಿನ ಎಡಕ್ಕೆ, ದಕ್ಷಿಣ ದಿಗಂತದ ಸಮೀಪ ಇದನ್ನು ಕರ್ನಾಟಕದ ಯಾವ ಊರಿನಿಂದಲೂ ನೋಡಬಹುದು. ಯೂರೋಪಿನ ಬಹುಭಾಗಕ್ಕೆ ಈ ಭಾಗ್ಯವಿಲ್ಲ.

ಬಣ್ಣ ಕಲಿಸಿದ ಪಾಠ

ನಕ್ಷತ್ರಗಳೆಲ್ಲ ಬಿಳಿಯೆಂಬುದು ನಮ್ಮ ಅಲಕ್ಷ್ಯದ ಫಲ. ಕುಲುಮೆಯ ಕಬ್ಬಿಣವು ಮೊದಲು ಕೆಂಪಾಗಿ, ಕಾದಂತೆ ಹಳದಿಯಾಗಿ, ಬಳಿಕ ಬೆಳ್ಳಗಾಗುವುದನ್ನು ಎಲ್ಲರೂ ಬಲ್ಲೆವು. ತಾರೆಗಳಲ್ಲಿಯೂ ಹಾಗೆಯೇ: ಕೆಂಪು ತಾರೆ ತಣ್ಣಗಿನದು, ನೀಲಿ ತಾರೆ ಅತ್ಯುಷ್ಣವಾದದ್ದು. ರಾಜಹಂಸ ಮಂಡಲದ ಕೊಕ್ಕಿನಲ್ಲಿರುವ ಆಲ್ಬಿರಿಯೊ ಇದಕ್ಕೆ ಅತ್ಯಂತ ಸೊಗಸಾದ ನಿದರ್ಶನ. ಒಂದು ಹೊಂಬಣ್ಣ, ಇನ್ನೊಂದು ನೀಲ. ನಡುವೆ 35 ಆರ್ಕ್ ಸೆಕೆಂಡ್ ಅಂತರವಿರುವುದರಿಂದ ಅತಿ ಚಿಕ್ಕ ದೂರದರ್ಶಕಕ್ಕೂ ಇದು ಸುಲಭ.

ಒಂದು ಅಕ್ಟೋಬರ್ ಸಂಜೆ ನಮ್ಮ ತಾಯಿಯವರಿಗೆ ಇದನ್ನು ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, “ಎರಡೂ ಹಳದಿನೇ ಅದಾವಲ್ಲೋ ತಮ್ಮಾ” ಎಂದರು. ದೂರದರ್ಶಕದ ದೋಷವಿರಬೇಕೆಂದು ನಾವು ಮಸೂರ ಒರೆಸಿದೆವು, ಕಣ್ಣುಮಸೂರ ಬದಲಿಸಿದೆವು. ಮಕ್ಕಳಿಗೆಲ್ಲ ನೀಲಿ ಕಾಣುತ್ತಿತ್ತು. ಅವರಿಗೆ ಮಾತ್ರ ಇಲ್ಲ. ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದಾಗ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿರುವುದು ಗೊತ್ತಾಯಿತು. ಪೊರೆಯು ಹಳದಿಗಟ್ಟಿದಾಗ ನೀಲಿ ಬೆಳಕನ್ನು ತಡೆಯುತ್ತದೆಯಂತೆ. ಆ ಹಳದಿ ಎಷ್ಟು ನಿಧಾನವಾಗಿ ಬರುತ್ತದೆಂದರೆ, ಲೋಕವೇ ಹಾಗಿದೆಯೆಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಮರುವರ್ಷ, ಶಸ್ತ್ರಚಿಕಿತ್ಸೆಯ ಬಳಿಕ, ಅದೇ ಅಂಗಳದಲ್ಲಿ ಅವರು ಮತ್ತೊಮ್ಮೆ ನೋಡಿದರು. “ಈಗ ನೋಡು, ಒಂದು ಬಂಗಾರ, ಒಂದು ನೀಲಿ ಹರಳು” ಎಂದು ಹೇಳಿ ಸುಮ್ಮನೆ ನಿಂತರು. ಅಂದು ಅವರು ಮಗನ ಮನಸ್ಸನ್ನು ನೋಯಿಸಬಾರದೆಂದು “ಹೌದು, ನೀಲಿ ಕಾಣ್ತದ” ಎಂದು ತಲೆಯಾಡಿಸಿದ್ದರೆ?

ಹಠಮಾರಿ ಜ್ಯೇಷ್ಠೆ

ಸುಲಭದ ಜೋಡಿಗಳಾದ ಮೇಲೆ ಕಠಿಣವಾದವುಗಳ ಆಸೆ ಹುಟ್ಟಿತು. 80 ಮಿಲಿಮೀಟರಿನ ಮಸೂರವು ಹೆಚ್ಚೆಂದರೆ ಒಂದೂವರೆ ಆರ್ಕ್ ಸೆಕೆಂಡ್ ಅಂತರವನ್ನು ಬಿಡಿಸಬಲ್ಲದು. ಅದೂ ಎರಡೂ ತಾರೆಗಳು ಸಮಾನ ಪ್ರಭೆಯವಾಗಿದ್ದರೆ. ವೃಶ್ಚಿಕದ ಹೃದಯದಲ್ಲಿರುವ ಕೆಂಪು ದೈತ್ಯ ಜ್ಯೇಷ್ಠೆಯ ಸಂಗಾತಿಯು ಸುಮಾರು ಮೂರು ಆರ್ಕ್ ಸೆಕೆಂಡ್ ದೂರದಲ್ಲಿದ್ದರೂ ಆಕೆಯ ಪ್ರಖರತೆಯಲ್ಲಿ ಮುಳುಗಿಹೋಗುತ್ತದೆ. 1819ರಲ್ಲಿ ವಿಯೆನ್ನಾದ ಬ್ಯೂರ್ಗ್ ಎಂಬ ಖಗೋಳಜ್ಞರಿಗೆ ಇದು ತೋರಿದ್ದು ಚಂದ್ರನ ದಯೆಯಿಂದ. ಚಂದ್ರನ ಮರೆಯಿಂದ ಜ್ಯೇಷ್ಠೆಯು ಹೊರಬರುವಾಗ ಮೊದಲು ಮಂದ ಚುಕ್ಕೆಯೊಂದು ತೋರಿ, ಕೆಲವು ಕ್ಷಣಗಳ ಅನಂತರ ಕೆಂಪು ತಾರೆ ಫಕ್ಕನೆ ಬೆಳಗಿತು. ಕೆಂಪಿನ ಪಕ್ಕದಲ್ಲಿರುವುದರಿಂದ ಆ ಚುಕ್ಕೆ ಕಣ್ಣಿಗೆ ಹಸಿರಾಗಿ ಭಾಸವಾಗುತ್ತದೆ. ನಿಜಕ್ಕೂ ಅದು ನೀಲಬಿಳುಪಿನ ಬಿಸಿ ತಾರೆ.

ಶಿವರಾತ್ರಿಯ ಆಸುಪಾಸಿನ ಬೆಳಗಿನ ಜಾವ ಜ್ಯೇಷ್ಠೆ ದಕ್ಷಿಣದಲ್ಲಿ ಸಾಕಷ್ಟು ಎತ್ತರಕ್ಕೆ ಬಂದಿರುತ್ತದೆ. ನಸುಬೆಳಕು ಹರಡಿದಾಗ ಆಕೆಯ ಪ್ರಖರತೆ ತಗ್ಗುವುದರಿಂದ ಅದೇ ಸುಸಮಯ. ನಮ್ಮ ವೀಕ್ಷಣೆಯ ಪುಸ್ತಕದಲ್ಲಿ ಮೂರು ವರ್ಷಗಳ ಕಾಲ “ಕಾಣಲಿಲ್ಲ” ಎಂಬ ಒಂದೇ ಮಾತು ಬರೆದಿದೆ. ನಾಲ್ಕನೆಯ ವರ್ಷ ಕಂಡಂತಾಯಿತು. ಆದರೆ ಸಂಗಾತಿಯು ಪಶ್ಚಿಮದಲ್ಲಿದೆಯೆಂದು ಓದಿ ತಿಳಿದಿದ್ದ ನಮ್ಮ ಕಣ್ಣನ್ನು ನಂಬುವುದು ಹೇಗೆ?

ಇಲ್ಲಿ ನಮಗೆ ನೆನಪಾದವರು ಮದ್ರಾಸ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಕ್ಯಾಪ್ಟನ್ ಜೇಕಬ್. ಯಮಳ ತಾರೆಗಳನ್ನು ನಿಷ್ಠೆಯಿಂದ ಅಳೆದ ಅವರು, ಉರಗಧರ ಮಂಡಲದ 70ನೆಯ ತಾರೆಯ ಜೋಡಿಯಲ್ಲಿ ಗ್ರಹವೊಂದರ ಸುಳಿವಿದೆಯೆಂದು 1855ರಲ್ಲಿ ಪ್ರಕಟಿಸಿದರು. ಮುಂದಿನ ಅಳತೆಗಳು ಅದನ್ನು ಸಮರ್ಥಿಸಲಿಲ್ಲ. ಅಂಥ ಪರಿಣತರಿಗೇ ಇಲ್ಲದ್ದು ಇದ್ದಂತೆ ತೋರಿದ ಮೇಲೆ ನಮ್ಮ ಪಾಡೇನು!

ಆದಕಾರಣ ಏನನ್ನೂ ಹೇಳದೆ ಮಗಳನ್ನು ಎಬ್ಬಿಸಿ ಕರೆತಂದೆವು. ನಮ್ಮ ದೂರದರ್ಶಕಕ್ಕೆ ಯಂತ್ರವಿಲ್ಲ. ಭೂಮಿ ತಿರುಗಿದಂತೆ ತಾರೆಯು ಪಶ್ಚಿಮದ ಕಡೆಗೆ ತೇಲಿಹೋಗುತ್ತದೆ. “ಏನು ಕಾಣುತ್ತದೆ, ಹೇಳಮ್ಮ” ಎಂದಷ್ಟೇ ಕೇಳಿದೆವು. ಮೊದಲ ದಿನ, “ಏನೂ ಇಲ್ಲ ಅಪ್ಪಾಜಿ” ಎಂದಳು. ಹಾಗೆಯೇ ಬರೆದೆವು. ನಾಲ್ಕನೆಯ ದಿನ, ಗಾಳಿ ಒಂದಿಷ್ಟೂ ಅಲುಗದ ಹೊತ್ತಿನಲ್ಲಿ, “ಅಪ್ಪಾಜಿ, ಸಣ್ಣದೊಂದು ಮುಂದ ಹೊಂಟೈತಿ, ದೊಡ್ಡದು ಅದರ ಹಿಂದ” ಎಂದಳು. ಮುಂದೆ ಹೋಗುವುದೆಂದರೆ ಪಶ್ಚಿಮ! ಅಂದು “ಕಂಡಿತು” ಎಂದು ಬರೆಯುವಾಗ ನಮ್ಮ ಕೈ ನಡುಗಿದ್ದು ಚಳಿಯಿಂದಲ್ಲ.

ಮನೆಮಂದಿಗೆ ಕೆಲವು ಸೂಚನೆಗಳು

ಬಿಸಿಲಿಗೆ ಕಾದ ತಾರಸಿಗಿಂತ ಮಣ್ಣಿನ ಅಂಗಳ ಮೇಲು. ಕಾದ ನೆಲದಿಂದೇಳುವ ಗಾಳಿಯು ತಾರೆಗಳನ್ನು ಕದಡುತ್ತದೆ. ದೂರದರ್ಶಕವನ್ನು ಅರ್ಧ ತಾಸು ಮೊದಲೇ ಹೊರಗಿಟ್ಟು ತಣಿಯಲು ಬಿಡಬೇಕು. ಕಡಿಮೆ ವರ್ಧನೆಯಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ಬಣ್ಣ ತಿಳಿಯದಿದ್ದರೆ ನಾಭಿಯನ್ನು ತುಸು ತಪ್ಪಿಸಿದಾಗ ಚುಕ್ಕೆಯು ಬಿಲ್ಲೆಯಾಗಿ ಬಣ್ಣ ಸ್ಪಷ್ಟವಾಗುತ್ತದೆ. ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸಬಾರದು; ಕ್ಷಣಮಾತ್ರದಲ್ಲಿ ದೃಷ್ಟಿಯೇ ಹೋದೀತು.

ಎಲ್ಲಕ್ಕೂ ಮಿಗಿಲಾದ ಸೂಚನೆಯೊಂದಿದೆ. ಮಕ್ಕಳು “ಕಾಣಲಿಲ್ಲ” ಎಂದರೆ ಗದರಬೇಡಿ. ಹಿರಿಯರು “ಬಣ್ಣ ತಿಳಿಯದು” ಎಂದರೆ ನಗಬೇಡಿ. ಕಂಡದ್ದನ್ನು ಕಂಡೆನೆಂದೂ ಕಾಣದ್ದನ್ನು ಕಾಣೆನೆಂದೂ ನಿರ್ಭಯವಾಗಿ ಹೇಳುವ ಮನೆಯಲ್ಲಿ, ಒಂದಲ್ಲ ಒಂದು ಬೆಳಗಿನ ಜಾವ ಆ ಹಸಿರು ಚುಕ್ಕೆ ಕಂಡೇ ಕಾಣುತ್ತದೆ.