ಜೆಲ್ ಚಿತ್ರವನ್ನು ನಂಬಬಹುದೇ ಎಂದು ತಂತ್ರಾಂಶ ಹೇಗೆ ಪರೀಕ್ಷಿಸುತ್ತದೆ?

ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್-ಪೇಜ್ ಜೆಲ್ ವಿಧಾನಕ್ಕೆ ಇಂದಿನ ರೂಪ ಬಂದದ್ದು 1970ರಲ್ಲಿ, ವಿಜ್ಞಾನಿ ಲ್ಯಾಮ್ಲಿಯವರಿಂದ. ಉದಾಹರಣೆಗೆ, ಅಜ್ಜಂಪುರದ ಸಂವರ್ಧನಾ ಕೇಂದ್ರದಿಂದ ಹೆಸರಾದ ಅಮೃತಮಹಲ್ ದನದ ತಳಿಯ ಹಾಲನ್ನು ಜೆಲ್‌ನಲ್ಲಿ ಓಡಿಸಿದರೆ ಹಾಲಿನ ಪ್ರೋಟೀನುಗಳಾದ ಕೇಸೀನುಗಳು ಮೇಲೆ ದಪ್ಪ ಪಟ್ಟಿಗಳಾಗಿಯೂ ಬೀಟಾ-ಲ್ಯಾಕ್ಟೋಗ್ಲೋಬುಲಿನ್ 18 ಕಿಲೋಡಾಲ್ಟನ್ ಬಳಿಯೂ ನಿಲ್ಲುತ್ತವೆ.

ಚಿತ್ರ ತೆಗೆದ ಮೇಲೆ ತಂತ್ರಾಂಶದ ಕೆಲಸ ಶುರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡ ಇಮೇಜ್‌ಜೆ ಉಚಿತವಾಗಿ ಸಿಗುತ್ತದೆ. ಸಾಮಾನ್ಯ ಪ್ರಯೋಗಾಲಯಕ್ಕೆ ಅದು ಸಾಕು. ಮೊದಲು ನೋಡಬೇಕಾದದ್ದು ಸಂತೃಪ್ತತೆ. 8 ಬಿಟ್ ಚಿತ್ರದಲ್ಲಿ ಹೊಳಪಿಗೆ 0ಯಿಂದ 255ರವರೆಗೆ ಮಾತ್ರ ಮಟ್ಟಗಳಿವೆ. ಕೇಸೀನ್ ಪಟ್ಟಿ ಆ ಮಿತಿಗೆ ಮುಟ್ಟಿದ್ದರೆ ಪ್ರೋಟೀನು ಎಷ್ಟೇ ಹೆಚ್ಚಿದ್ದರೂ ಅಳತೆ ಒಂದೇ ಬರುತ್ತದೆ. 16 ಬಿಟ್ ಚಿತ್ರದಲ್ಲಿ ಮಟ್ಟಗಳು 65,536. ಜೆಪೆಗ್ ರೂಪದಲ್ಲಿ ಉಳಿಸಿದ ಚಿತ್ರವನ್ನು ಅಳತೆಗೆ ಬಳಸಲೇಬಾರದು. ಆಮೇಲೆ ಹಿನ್ನೆಲೆಯ ಬಣ್ಣವನ್ನು ಕಳೆಯುವುದು, ತೂಕ ಗೊತ್ತಿರುವ ಮಾರ್ಕರ್ ಪಟ್ಟಿಗಳು ಸಾಗಿದ ದೂರಕ್ಕೂ ಅಣುತೂಕದ ಲಾಗರಿದಮ್‌ಗೂ ಸರಳರೇಖೆ ಕೂಡುತ್ತದೆಯೇ ಎಂದು ನೋಡುವುದು, ಪ್ರತಿ ಸಾಲಿನ ಒಟ್ಟು ಪ್ರೋಟೀನನ್ನು ಹೋಲಿಸಿ ಮಾದರಿ ಸಮನಾಗಿ ಬಿದ್ದಿದೆಯೇ ಎಂದು ತಿಳಿಯುವುದು.

ಇಷ್ಟಾದರೂ ತಂತ್ರಾಂಶಕ್ಕೆ ಮಿತಿಯಿದೆ. ಹಾಲಿನ ಬೀಟಾ-ಕೇಸೀನಿನ ಎರಡು ಬಗೆಗಳಾದ ಎ1, ಎ2ಗಳ ನಡುವೆ 67ನೆಯ ಸ್ಥಾನದ ಒಂದೇ ಅಮೈನೋ ಆಮ್ಲದ ವ್ಯತ್ಯಾಸ. ಸುಮಾರು 24,000 ಡಾಲ್ಟನ್ ತೂಕದಲ್ಲಿ ಅಂತರ 40ರಷ್ಟು. ಈ ಜೆಲ್‌ನಲ್ಲಿ ಅವೆರಡೂ ಒಂದೇ ಪಟ್ಟಿ. ‘ಎ2 ಹಾಲು’ ಎಂಬುದನ್ನು ಖಚಿತಪಡಿಸಲು ಡಿಎನ್‌ಎ ಪರೀಕ್ಷೆಯಂಥ ಬೇರೆ ವಿಧಾನ ಬೇಕು.