ಮಣೆಯ ಆಟಗಳೂ ಹೊಸಬರ ಸ್ಥಾನವೂ

ಕಾಯಿ, ಕವಡೆ, ದಾಳಗಳನ್ನು ಹಿಡಿದು ಮಣೆಯ ಸುತ್ತ ಕುಳಿತು ಆಡುವ ಆಟಗಳು ಕನ್ನಡ ನಾಡಿನಲ್ಲಿ ಅರಮನೆಗೂ ಮನೆಯ ಜಗುಲಿಗೂ ಸಮಾನವಾಗಿ ಸಂದ ವಿನೋದಗಳು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಸಂಸ್ಕೃತ ವಿಶ್ವಕೋಶ, ಅದರಲ್ಲಿ ಚದುರಂಗ, ಪಗಡೆ, ಕವಡೆಯಾಟಗಳಿಗೆ ಸ್ಥಾನವಿದೆ. ಏಳು ಶತಮಾನಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇಂತಹ ಆಟಗಳನ್ನು ನಿರೂಪಿಸಿದರು. ಚದುರಂಗದ ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ಕುದುರೆಯ ನಡೆಯಲ್ಲಿ ಆ ಅರಸರಿಗಿದ್ದ ಪರಿಣತಿ ಪ್ರಸಿದ್ಧವಾದುದು. ಗ್ರಂಥ ಬರೆಯದ ಜನಸಾಮಾನ್ಯರ ಆಟಕ್ಕೆ ಹಂಪೆಯ ಕಲ್ಲುಹಾಸುಗಳ ಮೇಲೆ ಕೊರೆದ ಮನೆಗಳೇ ಇಂದಿಗೂ ಸಾಕ್ಷಿ.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದುಂಟು. ಭಾರತದ ಪಚ್ಚೀಸಿಯೇ ರೂಪಾಂತರಗೊಂಡು ಇಂಗ್ಲೆಂಡಿನಲ್ಲಿ 1896ರಲ್ಲಿ ‘ಲೂಡೋ’ ಎಂಬ ಹೆಸರಿನಿಂದ ಪೇಟೆಂಟ್ ಪಡೆಯಿತು. ನಿಯಮಗಳನ್ನು ಮುದ್ರಿಸಿದ ಪೆಟ್ಟಿಗೆಯಲ್ಲಿ ಕುಳಿತು ಲೋಕವನ್ನೇ ಸುತ್ತಿತು. ನಮ್ಮ ಮನೆಗಳ ಚೌಕಾಬಾರಕ್ಕಾದರೋ ಅಂತಹ ಪೆಟ್ಟಿಗೆಯಿರಲಿಲ್ಲ. ಸೀಮೆಸುಣ್ಣದ ಒಂದು ಚೂರು, ನಾಲ್ಕು ಕವಡೆ, ಕಾಯಿಗಳಿಗಾಗಿ ಹುಣಿಸೆಬೀಜ, ಬಳೆಚೂರು, ಇಷ್ಟರಲ್ಲೇ ಅದರ ಸಕಲ ಸಾಮಗ್ರಿಯೂ ಅಡಗಿತ್ತು. ನಿಯಮಗಳು ಅಜ್ಜಿಯ ಬಾಯಿಯಿಂದ ಮೊಮ್ಮಗಳ ಕಿವಿಗೆ ದಾಟಿದವು. ಆದುದರಿಂದ ಆಟವನ್ನರಿಯದ ಹೊಸಬನೊಬ್ಬನು ಮಣೆಯ ಬಳಿ ಬಂದು ಕುಳಿತಾಗಲೇ ಈ ವಿದ್ಯೆಗೆ ಮುಂದಿನ ತಲೆಮಾರು ಲಭಿಸುತ್ತದೆ. ಬಲ್ಲವರು ಬಲ್ಲವರೊಡನೆಯೇ ಆಡುತ್ತ ಉಳಿದರೆ ಆಟ ಅವರೊಂದಿಗೇ ಮುಗಿಯುತ್ತದೆ.

ಬೆಂಗಳೂರಿನ ದಕ್ಷಿಣ ಭಾಗದ ಸುಬ್ರಹ್ಮಣ್ಯಪುರದಂತಹ ಊರುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವುಂಟು. ಉತ್ತರಹಳ್ಳಿಯ ನೆರೆಯಲ್ಲಿ, ತನ್ನದೇ ಕೆರೆಯನ್ನುಳ್ಳ ಹಳ್ಳಿಯಾಗಿದ್ದ ಈ ಊರು ಬೆಳೆದ ಮಹಾನಗರದ ಬಡಾವಣೆಯಾಗಿದೆ. ಹಳೆಯ ಮನೆತನಗಳ ಪಕ್ಕದಲ್ಲಿಯೇ ಬಹುಮಹಡಿಯ ಕಟ್ಟಡಗಳು ಎದ್ದಿವೆ. ನಾಡಿನ ನಾನಾ ಮೂಲೆಗಳಿಂದ ಬಂದವರು ಒಂದೇ ಮೆಟ್ಟಿಲನ್ನು ತುಳಿಯುತ್ತಾರೆ, ಆದರೆ ಒಬ್ಬರ ಹೆಸರನ್ನೊಬ್ಬರು ಅರಿಯರು. ಇಂತಹ ಸ್ಥಳದಲ್ಲಿ ರಜಾದಿನವೊಂದನ್ನು ಮಿತ್ರರೂ ಅಪರಿಚಿತರೂ ಕೂಡಿ ಆಟದಲ್ಲಿ ಕಳೆಯುವುದಾದರೆ, ಅದನ್ನು ಕಾಲಹರಣವೆಂದು ತಿರಸ್ಕರಿಸಲಾಗದು.

ಅಂತಹ ದಿನವನ್ನು ಚೌಕಾಬಾರದಿಂದ ಆರಂಭಿಸುವುದು ಯುಕ್ತ. ಸಾಲಿಗೆ ಐದರಂತೆ ಇಪ್ಪತ್ತೈದು ಮನೆಗಳು. ನಾಲ್ಕು ಅಂಚುಗಳ ನಡುಮನೆಗಳಲ್ಲಿಯೂ ಕೇಂದ್ರದಲ್ಲಿಯೂ ಗುಣಿಸು ಗುರುತಿನ ಕಟ್ಟೆಗಳು. ನಾಲ್ವರು ಆಟಗಾರರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿಯು ಹೊರಸುತ್ತಿನ 16 ಮನೆಗಳನ್ನು ಅಪ್ರದಕ್ಷಿಣವಾಗಿ ಬಳಸಿ, ಒಳಸುತ್ತಿನ 8 ಮನೆಗಳನ್ನು ಪ್ರದಕ್ಷಿಣವಾಗಿ ಸುತ್ತಿ, ನಡುಮನೆಯನ್ನು ಸೇರಿದರೆ ‘ಹಣ್ಣಾಯಿತು’. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಟ್ಟೆಯಲ್ಲಿರುವ ಕಾಯನ್ನು ಕಡಿಯುವಂತಿಲ್ಲ. ನಾಲ್ಕು ಕವಡೆಗಳೂ ಬಾಯ್ದೆರೆದು ಬಿದ್ದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂದರೆ ಎಂಟು. ಇವೆರಡು ಗರಗಳಿಗೂ ಮತ್ತೊಮ್ಮೆ ಎಸೆಯುವ ಹಕ್ಕುಂಟು. ಕವಡೆಯು ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಭಾವಿಸಿದರೆ, ಸಾಧ್ಯವಾದ 16 ಬಗೆಗಳಲ್ಲಿ ಎರಡರ ಗರಕ್ಕೆ 6, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೂ ಬಾರಕ್ಕೂ ಒಂದೊಂದೇ. ಗಣಿತದ ಉಪಾಧ್ಯಾಯರಿಗೆ ಇದಕ್ಕಿಂತ ಸುಲಭವಾದ ಪಾಠೋಪಕರಣ ದುರ್ಲಭ.

ಹೊಸಬರಿಗೆ ಈ ಆಟ ಒಪ್ಪುವುದಕ್ಕೆ ಕಾರಣವುಂಟು: ಕವಡೆಗೆ ಹಳಬರ ಮುಖ ತಿಳಿಯದು. ನಿನ್ನೆ ಕಲಿತವನಿಗೂ ಬಾರ ಬೀಳಬಹುದು. ಆದರೆ ಬಿದ್ದ ಗರವನ್ನು ಯಾವ ಕಾಯಿಗೆ ನಡೆಸಬೇಕೆಂಬುದರಲ್ಲಿ ಬುದ್ಧಿಗೆ ಎಡೆಯಿದೆ. ಆದುದರಿಂದ ಬಲ್ಲವನಿಗೂ ಬೇಸರವಿಲ್ಲ. ಮಧ್ಯಾಹ್ನದ ಊಟದ ತರುವಾಯ ಅಳಗುಳಿಮಣೆ. ಕರಾವಳಿಯಲ್ಲಿ ಚೆನ್ನೆಮಣೆಯೆಂದು ಕರೆಯುವ ಇದರಲ್ಲಿ ಎರಡು ಸಾಲಿನ 14 ಗುಳಿಗಳುಂಟು. ಇಲ್ಲಿ ದೈವದ ಪಾತ್ರವಿಲ್ಲ, ಎಣಿಕೆಯೇ ಎಲ್ಲ. ಸಂಜೆಗೆ ಹುಲಿಕುರಿಯಾಟ. ಮೂರು ಹುಲಿ, ಹದಿನೈದು ಕುರಿಗಳ ಪ್ರಚಲಿತ ಕ್ರಮದಲ್ಲಿ ಹುಲಿಯು ಕುರಿಯನ್ನು ಹಾರಿ ಕೊಲ್ಲುತ್ತದೆ; ಕುರಿಗೆ ಹಾರುವ ಶಕ್ತಿಯಿಲ್ಲ, ಒತ್ತೊತ್ತಾಗಿ ನಿಂತು ಹುಲಿಯ ದಾರಿಯನ್ನು ಕಟ್ಟುವುದೊಂದೇ ಅದರ ಬಲ. ದುರ್ಬಲರ ಒಗ್ಗಟ್ಟನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠ ವಿರಳ.

ಹೊಸಬರು ಕಲಿಯಲು ಮಾತ್ರವೇ ಬರುವುದಿಲ್ಲ, ತಮ್ಮ ಊರಿನ ಕ್ರಮವನ್ನೂ ಹೊತ್ತು ತರುತ್ತಾರೆ. ಚೌಕಾಬಾರವನ್ನು ಕಟ್ಟೆಮನೆಯೆನ್ನುವವರುಂಟು. ಒಂದು ಮನೆಯಲ್ಲಿ ಜೋಡಿಕಾಯಿಯನ್ನು ಒಂಟಿಕಾಯಿ ಕಡಿಯಲಾಗದು; ಇನ್ನೊಂದು ಮನೆಯಲ್ಲಿ ಆ ನಿರ್ಬಂಧವಿಲ್ಲ. ಇದರಿಂದಲೇ ಜಗಳ ಹುಟ್ಟುತ್ತದೆ. ಆದುದರಿಂದ ಕವಡೆ ಎಸೆಯುವ ಮುನ್ನವೇ ಎಲ್ಲರ ಕ್ರಮಗಳನ್ನೂ ಕೇಳಿ, ಆ ದಿನದ ನಿಯಮವನ್ನು ನಿಶ್ಚಯಿಸಬೇಕು. ಒಂದು ಮಣೆಗೆ ಇಬ್ಬರು ಬಲ್ಲವರು, ಇಬ್ಬರು ಹೊಸಬರು ಇರಲಿ. ಮೊದಲ ಆಟವನ್ನು ಗೆಲುವು ಸೋಲು ಎಣಿಸದೆ ಕಲಿಕೆಗೆಂದೇ ಬಿಡಬೇಕು. ಹೊಸಬನ ಕಾಯನ್ನು ಬಲ್ಲವನು ತಾನೇ ನಡೆಸಿಬಿಡುವುದು ಸಲ್ಲದು. ಕೇಳಿದರೆ ಹೇಳಬೇಕು, ಆಯ್ಕೆ ಅವನದಾಗಿರಬೇಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಜೂಜುಗಾರನ ಪ್ರಲಾಪವಿದೆ. ಧರ್ಮರಾಯನು ಪಗಡೆಯಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ದ್ರೌಪದಿಯನ್ನೂ ಪಣಕ್ಕೊಡ್ಡಿದ ಕಥೆ ಸರ್ವವಿದಿತ. ದಾಳ ಅಲ್ಲಿಯೂ ಇಲ್ಲಿಯೂ ಒಂದೇ. ಕೇಡು ತಂದುದು ಪಣ. ಪಣವಿದ್ದಲ್ಲಿ ಎದುರು ಕುಳಿತವನು ಬೇಟೆ. ಪಣವಿಲ್ಲದಲ್ಲಿ ಅವನು ಜೊತೆಗಾರ. ಹೊಸಬರನ್ನು ಕರೆದ ಮಣೆಯ ಮೇಲೆ ಕಾಸು ಕಾಣಬಾರದು.

ವಿದ್ಯಾರ್ಥಿನಿಲಯದ ಮಕ್ಕಳಿಗೂ ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೂ ಇಂತಹ ಒಂದು ದಿನವನ್ನು ಮೀಸಲಿಡಲು ಹೆಚ್ಚಿನ ವೆಚ್ಚವಿಲ್ಲ. ದಿನದ ಕೊನೆಯಲ್ಲಿ ಗೆದ್ದವರ ಹೆಸರನ್ನು ಬರೆದಿಡುವುದಕ್ಕಿಂತ, ಬೆಳಗ್ಗೆ ಗರದ ಅರ್ಥವನ್ನೇ ಅರಿಯದಿದ್ದವರಲ್ಲಿ ಎಷ್ಟು ಮಂದಿ ಸಂಜೆಗೆ ಮತ್ತೊಬ್ಬರಿಗೆ ಕಲಿಸಬಲ್ಲವರಾದರೆಂದು ಎಣಿಸುವುದು ಮೇಲು.